ನೀಲಿ ನಿಲುವಂಗಿಯ ಕಂಡಕ್ಟರಮ್ಮ

ನಮ್ಮ ಅತ್ತಿಗೆಗೆ ಎರಡು ಕೆಲಸ. ಒಂದು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ಇನ್ನೊಂದು ಒಂದು ಕೋಟೆಯ ದಳಪತಿಯ ಕೆಲಸ. ಮೊದಲನೆಯದಕ್ಕೆ ಸಂಬಳ ಬರುತ್ತದೆ, ಜೊತೆಗೆ ಬೈಗುಳವೂ ಬರುತ್ತದೆ. ಎರಡನೆಯದಕ್ಕೆ ಬಿಡಿಗಾಸಿಲ್ಲ, ಆದರೆ ಅವಳು ಬಂದರೆ ಜನ ಎದ್ದು ನಿಲ್ಲುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಅಂತ ಅತ್ತಿಗೆ ಬಾಯಿಬಿಟ್ಟು ಹೇಳಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಫೋನನ್ನು ಚಾರ್ಜಿಗೆ ಹಾಕುತ್ತಾಳೆ.

ಅವಳು ನನ್ನ ಅಣ್ಣನ ಹೆಂಡತಿ. ನನಗಿಂತ ಹೆಚ್ಚೇನೂ ದೊಡ್ಡವಳಲ್ಲ, ಹಾಗಾಗಿ ನಮ್ಮಿಬ್ಬರ ನಡುವೆ 'ನೀವು' ಇಲ್ಲ. ಜಗಳಕ್ಕೆ 'ನೀನು' ಅನುಕೂಲ. ಮನೆಯ ಮುಂದಿನ ಕೋಣೆ ಅಣ್ಣನದು. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅವನ ಕೆಲಸದಿಂದಾಗಿ ನಮ್ಮ ಮನೆಯಲ್ಲಿ ಕಸ ಗುಡಿಸಿದರೆ ಧೂಳಿಗಿಂತ ತಾಮ್ರದ ಚೂರೇ ಜಾಸ್ತಿ ಸಿಗುತ್ತದೆ. ಹಿಂದಿನದು ಅಡುಗೆಮನೆ. ನಡುವೆ ಒಂದು ಇಕ್ಕಟ್ಟಿನ ಕೋಣೆ, ಅದರಲ್ಲಿ ಒಂದು ಮಂಚ. ಆ ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಊದಿದ ಪಾದಗಳನ್ನು ದಿಂಬಿನ ಮೇಲಿಟ್ಟುಕೊಂಡು ನಮ್ಮ ದಳಪತಿ ಕೋಟೆ ಕಾಯುತ್ತಾಳೆ. ಅವಳ ಕೈಯಲ್ಲಿ ಫೋನಿದ್ದಾಗ ಅಣ್ಣ ಒಳಗೆ ಬಂದು ಕಾಫಿ ಕೇಳುವ ಧೈರ್ಯ ಮಾಡುವುದಿಲ್ಲ.

ಆಟ ನಮ್ಮ ಮನೆಗೆ ಬಂದದ್ದು ಅಣ್ಣನ ಮಗಳಿಂದ. ನರ್ಸಿಂಗ್ ಓದಲು ಹಾಸ್ಟೆಲಿಗೆ ಹೊರಟ ಹುಡುಗಿ, "ಅಮ್ಮಾ, ದಿನಾ ಸಂಜೆ ಈ ಆಟದಲ್ಲಿ ಸಿಗೋಣ. ಫೋನ್ ಮಾಡಿ ಊಟ ಆಯ್ತಾ, ತಿಂಡಿ ಆಯ್ತಾ ಅಂತ ಕೇಳೋದಕ್ಕಿಂತ ಇದು ಚೆನ್ನಾಗಿರುತ್ತೆ" ಅಂತ ಅಮ್ಮನ ಫೋನಿಗೆ ಹಾಕಿಕೊಟ್ಟಳು. ವಾರ ಕಳೆಯುವಷ್ಟರಲ್ಲಿ ಮಗಳಿಗೆ ಬೇಜಾರಾಗಿ ಬಿಟ್ಟುಬಿಟ್ಟಳು. ಅಮ್ಮ ಉಳಿದಳು. ಈಗ ಮಗಳು ಫೋನ್ ಮಾಡಿ ಊಟ ಆಯ್ತಾ ಅಂದರೆ, "ಆಮೇಲೆ ಮಾಡು ಪುಟ್ಟಾ, ಮುತ್ತಿಗೆ ನಡೀತಿದೆ" ಅನ್ನುತ್ತಾಳೆ.

ಆಟ ಏನೆಂದು ತಿಳಿಯದವರಿಗೆ ಸ್ವಲ್ಪ ಹೇಳುತ್ತೇನೆ. ನಾನೂ ಬಹಳ ದಿನ ತಿಳಿಯದೆಯೇ ಬೈದವಳು. ಎಲ್ಲೆಲ್ಲೋ ಕುಳಿತಿರುವ ಜನ ಒಂದೇ ಹೊತ್ತಿಗೆ ಫೋನಿನೊಳಗಿನ ಒಂದೇ ಕೋಟೆಯಲ್ಲಿ ಸೇರುತ್ತಾರೆ. ಒಬ್ಬ ಬಿಲ್ಲುಗಾರ, ಒಬ್ಬಳು ವೈದ್ಯೆ, ಇಬ್ಬರು ಗುರಾಣಿಯವರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಎಲ್ಲರ ಮೇಲೆ ಒಬ್ಬ ದಳಪತಿ. ಅವನು ದೊಡ್ಡ ಮನೆತನದವನು, ಬಿಳಿ ಕುದುರೆಯವನು, ಹೆಗಲ ಮೇಲೆ ನೀಲಿ ನಿಲುವಂಗಿ ಹಾಕಿದವನು. ಅವನ ಕೆಲಸ ಕತ್ತಿ ಬೀಸುವುದಲ್ಲ, ಪಡೆಯನ್ನು ನಡೆಸುವುದು. ಮಾತೆಲ್ಲ ಮೈಕಿನಲ್ಲಿ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ದನಿ ಮಾತ್ರ ಗೊತ್ತು. ಬಿಲ್ಲುಗಾರ ಬಾಣ ಬಿಡುವಾಗ ಹಿಂದೆ ಕುಕ್ಕರ್ ಕೂಗುತ್ತದೆ. ವೈದ್ಯೆ ಗಾಯಕ್ಕೆ ಮದ್ದು ಹಚ್ಚುವಾಗ ಅವಳ ಕೂಸು ಅಳುತ್ತದೆ.

ಅತ್ತಿಗೆ ಆಟಕ್ಕೆ ಸೇರಿದಾಗ ಬರೀ ಕಾಲಾಳು. ಕತ್ತಿ ಹಿಡಿದರೆ ತನ್ನ ಕಾಲಿಗೇ ತಾಗಿಸಿಕೊಳ್ಳುವಷ್ಟು ಜಾಣೆ. ಒಂದು ಸಂಜೆ ಪಡೆಯೆಲ್ಲ ಹಿಂದಿರುಗುವಾಗ ಸೇತುವೆಯ ಬಾಯಲ್ಲೇ ಸಿಕ್ಕಿಹಾಕಿಕೊಂಡಿತು. ಮುಂದಿನವರು ನಿಂತರು, ಹಿಂದಿನವರು ನೂಕಿದರು. ಆಗಿನ ದಳಪತಿ "ವೀರರೇ, ಶಿಸ್ತು! ಶಿಸ್ತು!" ಅಂತ ಗಂಟಲು ಹರಿದುಕೊಂಡ. ಒಬ್ಬನೂ ಜಗ್ಗಲಿಲ್ಲ. ಅತ್ತಿಗೆಗೆ ತಡೆಯಲಾಗಲಿಲ್ಲ.

"ಬಾಗಿಲಲ್ಲಿ ನಿಲ್ಲಬೇಡಿ! ಒಳಗೆ ಹೋಗಿ, ಒಳಗೆ! ಮುಂದೆ ಮೈದಾನದಷ್ಟು ಜಾಗ ಖಾಲಿ ಇದೆ, ಇಲ್ಲೇ ಯಾಕೆ ಅಂಟ್ಕೊಂಡಿದೀರ? ಏ ಭರ್ಜಿ ಹಿಡಿದವನೇ, ಅದನ್ನ ಕೆಳಗೆ ಮಾಡು, ಪಕ್ಕದವರ ಕಣ್ಣಿಗೆ ಚುಚ್ಚೀತು!"

ಪಕ್ಕದ ಕೋಣೆಯಲ್ಲಿ ತಂತಿ ಸುತ್ತುತ್ತಿದ್ದ ಅಣ್ಣ ಕೂಡ ಎದ್ದು ಎರಡು ಹೆಜ್ಜೆ ಮುಂದೆ ಹೋದನಂತೆ. ಇಡೀ ಸೈನ್ಯ ಗಪ್‌ಚುಪ್ಪಾಗಿ ಒಳಗೆ ಹೋಯಿತು. ಮುಂದೆ ಆ ದಳಪತಿಗೆ ಮದುವೆ ಗೊತ್ತಾಗಿ ಆಟ ಬಿಟ್ಟಾಗ, ಎಲ್ಲರೂ ಸೇರಿ ನಿಲುವಂಗಿಯನ್ನು ಅತ್ತಿಗೆಯ ಹೆಗಲಿಗೆ ಹಾಕಿದರು. ಆ ಸಂಜೆ ಅವಳು ಅಡುಗೆಮನೆಗೆ ಬಂದು, ನಾನು ತರಕಾರಿ ಹೆಚ್ಚುತ್ತಿದ್ದರೆ ನನ್ನ ಕೈಯಿಂದ ಚಾಕು ಕಿತ್ತಿಟ್ಟು, "ಏ, ನನ್ನನ್ನ ದಳಪತಿ ಮಾಡಿದ್ರು ಕಣೇ!" ಅಂತ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದಳು. ಕೆಲಸ ಕಾಯಂ ಆದ ದಿನವೂ ಅವಳು ಅಷ್ಟು ಕುಣಿದಿರಲಿಲ್ಲ.

ಆದರೆ ಕಿರೀಟದ ಜೊತೆ ಮುಳ್ಳೂ ಬರುತ್ತದಲ್ಲ. ಅತ್ತಿಗೆಯ ಮುಳ್ಳಿನ ಹೆಸರು ಉಪದಳಪತಿ. ಅವನ ಮಾತು ಕೇಳಬೇಕು ನೀವು, ನಾಲಿಗೆಗೆ ಇಸ್ತ್ರಿ ಹಾಕಿಸಿಕೊಂಡು ಬಂದವನ ಹಾಗೆ. ಕೋಟೆಯೊಳಗೆ ಕಾಲಿಟ್ಟ ಮೇಲೆ ಪಾತ್ರದ ಮಾತನ್ನೇ ಆಡಬೇಕೆಂಬುದು ಆ ಪಡೆಯ ನಿಯಮ. 'ಬನ್ರೋ' ಅನ್ನುವಂತಿಲ್ಲ, 'ವೀರರೇ, ಮುನ್ನಡೆಯಿರಿ' ಅನ್ನಬೇಕು. ತಪ್ಪಿದವರು ಆಟದ ಲಾಯಕ್ಕೆ ಹೋಗಿ ಕುದುರೆ ತೊಳೆಯಬೇಕು. ಈ ನಿಯಮವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವನು ಅವನೇ. ಅತ್ತಿಗೆ ಪಾಪ ಒಳ್ಳೆಯ ಮಾತನ್ನೇ ಶುರು ಮಾಡುತ್ತಾಳೆ. "ಎಲೈ ಭಟರೇ" ಅಂತಾಳೆ, "ಅತ್ತ ಸಾಗಿ" ಅಂತಾಳೆ. ಯಾರಾದರೂ ಅಡ್ಡ ನುಗ್ಗಿದರೆ ಸಾಕು, ಬಾಯಿಂದ ಬಸ್ಸು ನಿಲ್ಲಿಸುವ ಕೂಗು "ಹೋಲ್ಡಾನ್! ಹೋಲ್ಡಾನ್!" ಬಂದುಬಿಡುತ್ತದೆ.

"ದಳಪತಿಗಳೇ," ಅಂತಾನೆ ಅವನು ತಣ್ಣಗೆ, "ಆ ಪದ ನಮ್ಮ ನಾಡಿನದಲ್ಲ. ತಾವು ಲಾಯದ ಕಡೆ ದಯಮಾಡಿಸಬೇಕು."

ಹೀಗೆ ಬಿಳಿ ಕುದುರೆಯ ದೊರೆ ವಾರದಲ್ಲಿ ಮೂರು ದಿನ ಕುದುರೆ ತೊಳೆಯುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಕುದುರೆ ತೊಳೆಯುವುದು ದೊಡ್ಡದಲ್ಲ. ದೊಡ್ಡ ಜಗಳ ಕಹಳೆಯದು. ಮುತ್ತಿಗೆಯ ದಿನ ಪಡೆ ಮೊದಲು ಹೊರಗೆ ಹೋಗಿ ಕೋಟೆಗೆ ಬೇಕಾದ ನೀರು, ಧಾನ್ಯ ತರಬೇಕು. ಶತ್ರು ಬರುವಷ್ಟರಲ್ಲಿ ಎಲ್ಲರೂ ಸೇತುವೆ ದಾಟಿ ಒಳಗೆ ಸೇರಬೇಕು. ಆಗ ದಳಪತಿ ಕಹಳೆ ಊದುತ್ತಾನೆ, ಸೇತುವೆ ಮೇಲೇಳುತ್ತದೆ. ಆಟದೊಳಗಿನ ಸೂರ್ಯ ಮುಳುಗುವವರೆಗೆ ಶತ್ರು ಒಳಗೆ ಬರದಿದ್ದರೆ ಗೆಲುವು. ಕಹಳೆ ಇರುವುದು ಒಂದೇ ಸಲಕ್ಕೆ. ಬೇಗ ಊದಿದರೆ ಹಿಂದುಳಿದವರು ಹೊರಗೇ ಸಾಯುತ್ತಾರೆ, ತಿಂಗಳುಗಟ್ಟಲೆ ಗಳಿಸಿದ ಕತ್ತಿ, ಕವಚ ಎಲ್ಲ ಹೋಗುತ್ತದೆ. ತಡಮಾಡಿದರೆ ಶತ್ರುವೂ ಜೊತೆಗೇ ಒಳಗೆ ಬರುತ್ತಾನೆ. ಎದ್ದ ಸೇತುವೆಯನ್ನು ಮತ್ತೆ ಇಳಿಸಬಹುದು, ಅದರ ಚಕ್ರ ಉಪದಳಪತಿಯ ಕೈಯಲ್ಲಿದೆ. ಆದರೆ ಇಳಿಸಿದರೆ ಇಳಿಸಿದ ಹಾಗೆಯೇ. ಮತ್ತೆ ಎತ್ತಲು ಕಹಳೆ ಇರುವುದಿಲ್ಲ.

ನಮ್ಮ ಅತ್ತಿಗೆ ಎಲ್ಲರೂ ಹತ್ತದೆ ಊದುವವಳಲ್ಲ. ಬಸ್ಸಿನಲ್ಲೂ ಹಾಗೇ. ದೂರದಲ್ಲಿ ಒಬ್ಬರು ಚೀಲ ಹಿಡಿದು ಓಡಿಬರುತ್ತಿದ್ದರೆ ಸೀಟಿ ಬಾಯಲ್ಲಿಟ್ಟುಕೊಂಡೇ ಕಾಯುತ್ತಾಳೆ, ಬಸ್ಸಿನೊಳಗಿನವರು ಎಷ್ಟು ಗೊಣಗಿದರೂ ಸರಿ. ಹೀಗೆ ಕಾದು ಕಾದು ಪಡೆ ಎರಡು ಮುತ್ತಿಗೆ ಸೋತಿತು. ಎರಡು ಸಲವೂ ಹಿಂದುಳಿದವಳು ವೈದ್ಯೆ. ಕೂಸು ಅತ್ತಿತೆಂದು ಫೋನ್ ಕೆಳಗಿಟ್ಟು ಹೋಗಿದ್ದಳು. ಉಪದಳಪತಿ ಎಲ್ಲರೆದುರು ಹೇಳಿಯೇಬಿಟ್ಟ: "ಒಬ್ಬರಿಗಾಗಿ ಇಡೀ ಕೋಟೆ ಕಳೆಯುವುದು ಕರುಣೆಯಲ್ಲ, ಅವಿವೇಕ. ಬರುವ ಭಾನುವಾರವೂ ಕೋಟೆ ಬಿದ್ದರೆ ತಾವು ನಿಲುವಂಗಿ ಬಿಚ್ಚಿಕೊಡಬೇಕು." ಅತ್ತಿಗೆ "ಆಗಲಿ" ಅಂದಳು.

ಫೋನ್ ಕೆಳಗಿಟ್ಟ ಮೇಲೆ ಅವಳ ಮುಖ ನೋಡಿ ನಾನು ನಗಲಿಲ್ಲ.

"ಹೋದ್ರೆ ಹೋಯ್ತು ಬಿಡು ಅತ್ತಿಗೆ. ಆಟ ತಾನೇ?"

"ಆಟ ತಾನೇ," ಅಂದಳು. ಆಮೇಲೆ ದಿಂಬಿನ ಮೇಲಿನ ಪಾದ ಒತ್ತಿಕೊಳ್ಳುತ್ತ, "ಬೆಳಗಿಂದ ಸಂಜೆವರೆಗೆ ನನಗೆ ಬೇಡ ಅಂದ್ರೂ ಸಾವಿರ ಜನ ಸಿಕ್ತಾರೆ ಕಣೇ. ಒಬ್ಬರೂ ನನ್ನ ಮುಖ ನೋಡಲ್ಲ, ಕೈ ನೋಡ್ತಾರೆ, ಟಿಕೆಟ್ ಕೊಡೋ ಕೈ. ಇಲ್ಲಿ ನಾನು ಬರ್ತಿದ್ದ ಹಾಗೆ 'ದಳಪತಿಗಳು ಬಂದ್ರು' ಅಂತಾರೆ. ಅದು ಹೋಗಬಾರದು ಅನ್ನಿಸುತ್ತೆ. ಅಷ್ಟೇ."

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಮ್ಮ ಮನೆಯಲ್ಲಿ ಅದು ನಗುವಿನ ಕತೆ. ಅತ್ತಿಗೆಗೆ ಒಂದು ಅಭ್ಯಾಸವಿದೆ. ನಿಲ್ದಾಣದಲ್ಲಿ ತಾನು ಕೆಳಗಿಳಿದು, ಎಲ್ಲರನ್ನೂ ಹತ್ತಿಸಿ, ಕೆಳಗೆ ನಿಂತೇ ಸೀಟಿ ಊದಿ, ಬಸ್ಸು ಅಲುಗಾಡಿದ ಮೇಲೆ ಫುಟ್‌ಬೋರ್ಡಿಗೆ ಹಾರುವುದು. ಒಂದು ದಿನ ಸೀಟಿ ಊದಿದಳು, ಚಪ್ಪಲಿಯ ಬಾರು ಕಿತ್ತಿತು, ಬಗ್ಗಿದಳು. ಏಳುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು. ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಆಟೋದಲ್ಲಿ ಬಸ್ಸನ್ನು ಅಟ್ಟಿಸಿಕೊಂಡು ಹೋಗಿ ಮೂರನೇ ನಿಲ್ದಾಣದಲ್ಲಿ ಹಿಡಿದಳು. ಡ್ರೈವರ್, ಅವನನ್ನು ಎಲ್ಲರೂ ಗಡಿಯಾರ ಅಂತಲೇ ಕರೆಯುವುದು, ಒಂದು ನಿಮಿಷ ಆಚೀಚೆ ಆಗದ ಮನುಷ್ಯ, ಕಿಟಕಿಯಿಂದ ತಲೆ ಹಾಕಿ, "ನೀವು ಸೀಟಿ ಹೊಡೆದ್ರಿ, ನಾನು ಹೊರಟೆ" ಅಂದನಂತೆ. ನಿಯಮದ ಪ್ರಕಾರ ಸರಿಯೇ. ಕಂಡಕ್ಟರನ್ನೇ ಬಿಟ್ಟುಹೋದ ಬಸ್ಸು ಅಂತ ಅಣ್ಣ ಈಗಲೂ ನೆಂಟರಿಗೆಲ್ಲ ಹೇಳಿ ನಗಿಸುತ್ತಾನೆ. ಅತ್ತಿಗೆಯೂ ನಗುತ್ತಾಳೆ. ಒಮ್ಮೆ ಮಾತ್ರ, ನಾನೂ ಅವಳೂ ಬಟ್ಟೆ ಒಣಹಾಕುವಾಗ, "ಬಸ್ಸು ತುಂಬ ಜನ ಇದ್ರು ಕಣೇ. ಕಿಟಕಿಯಿಂದ ನನ್ನ ನೋಡಿದ್ರು. ಒಬ್ಬರ ಬಾಯಲ್ಲೂ 'ಹೋಲ್ಡಾನ್' ಬರಲಿಲ್ಲ" ಅಂದಿದ್ದಳು. ಅಂದು ಒದ್ದೆ ಸೀರೆಯನ್ನು ಪಟಪಟನೆ ಕೊಡವಿದಳು.

ಭಾನುವಾರ ಬಂತು. ಅದು ಅತ್ತಿಗೆಯ ರಜೆಯ ದಿನ. ಮುತ್ತಿಗೆ ಮಧ್ಯಾಹ್ನ. ಬೆಳಿಗ್ಗೆಯೇ ಅಡುಗೆ ಮುಗಿಸಿ, ಫೋನ್ ತುಂಬಿಸಿ, ಅಣ್ಣನಿಗೆ "ಇವತ್ತು ಸುತ್ತಿಗೆ ಮುಟ್ಟಬೇಡಿ ರೀ" ಅಂತ ತಾಕೀತು ಮಾಡಿದ್ದಳು. ಅಷ್ಟರಲ್ಲಿ ಡಿಪೋದಿಂದ ಫೋನು. ಯಾರೋ ಕಂಡಕ್ಟರಿಗೆ ಜ್ವರ, ನೀವೇ ಬರಬೇಕು. ಅವಳು ಗೋಗರೆದಳು, ಆಗಲಿಲ್ಲ. ಖಾಕಿ ತೊಟ್ಟು ಹೊರಟವಳು ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದಳು. ಮುತ್ತಿಗೆಯ ಹೊತ್ತಿಗೆ ಸರಿಯಾಗಿ ಬಸ್ಸು ಕೊನೆಯ ನಿಲ್ದಾಣದಲ್ಲಿರುತ್ತದೆ, ಅಲ್ಲಿ ಊಟಕ್ಕೆ ಬಿಡುವಿದೆ. "ಊಟ ಯಾರಿಗೆ ಬೇಕು?" ಅಂತ ಹೊರಟೇಹೋದಳು.

ನಾನು ಕೆಲಸ ಮಾಡುವ ಬ್ಯೂಟಿ ಪಾರ್ಲರಿನಲ್ಲಿ ಒಬ್ಬಾಕೆಯ ಕೂದಲು ಒಣಗಿಸಿ ಕಳಿಸಿ, ಬಾಚಣಿಗೆ ತೊಳೆಯುತ್ತಿದ್ದೆ. ಎದುರಿನ ನಿಲ್ದಾಣದಲ್ಲಿ ಬಸ್ಸು ಬಂದು ನಿಂತಿತು. ಬಸ್ಸಿನಿಂದ ಹಾರಿ ರಸ್ತೆ ದಾಟಿ ಅತ್ತಿಗೆ ಒಳಗೆ ನುಗ್ಗಿದಳು.

"ರಸ್ತೆ ಅಗೆದಿದಾರೆ, ಬಸ್ಸು ತಡ ಆಗಿದೆ. ಇನ್ನೇನು ಶುರುವಾಗುತ್ತೆ. ನೀನು ಬಾ!"

"ನಾನಾ? ನಾನ್ಯಾಕೆ?"

"ನಾನು ಟಿಕೆಟ್ ಕೊಡಬೇಕು. ಕೊನೇ ನಿಲ್ದಾಣ ಸಿಗೋವರೆಗೆ ನೀನು ದಳಪತಿ."

ಪಾರ್ಲರಿನ ಯಜಮಾನಿ ಬಾಯಿ ತೆರೆಯುವ ಮುಂಚೆ ನಾನು ಬಸ್ಸಿನಲ್ಲಿದ್ದೆ! ಒದ್ದೆ ಏಪ್ರನ್ ಕೂಡ ಬಿಚ್ಚಿರಲಿಲ್ಲ. ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಫೋನ್ ಕೈಗಿಟ್ಟು, "ಎಡಗೈ ಕುದುರೆ, ಬಲಗೈ ಕಹಳೆ. ಕಹಳೆ ಮಾತ್ರ ಮುಟ್ಟಬೇಡ, ತಾಯಾಣೆಗೂ ಮುಟ್ಟಬೇಡ" ಅಂದು ಹಿಂದಕ್ಕೆ ಹೋದಳು. ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ನಾನು ಅನ್ನ ಬೇಯುವ ಮುಂಚೆ ಮುಚ್ಚಳ ತೆಗೆದು ನೋಡುವವಳು.

"ದಳಪತಿಗಳೇ, ಪಡೆ ಸಿದ್ಧವಿದೆ. ಅಪ್ಪಣೆಯಾಗಲಿ," ಕಿವಿಯಲ್ಲಿ ಇಸ್ತ್ರಿ ಹಾಕಿದ ದನಿ.

ನಾನು ದನಿ ದಪ್ಪ ಮಾಡಿಕೊಂಡು, "ಎಲೈ ವೀರರೇ! ಹೊರಡೋಣವಾಗಲಿ!" ಅಂದೆ. ಎದುರು ಸೀಟಿನ ಅಜ್ಜ ತನಗೇ ಹೇಳಿದೆನೆಂದು ಬೆಚ್ಚಿ, "ನಾನಿನ್ನೂ ಮುಂದೆ ಇಳಿಯೋದು ತಾಯಿ" ಅಂದರು.

ಪಡೆ ಹೊರಟಿತು. ನನ್ನ ಕುದುರೆ ಮೊದಲು ಗೋಡೆಗೆ ಹೋಯಿತು, ಆಮೇಲೆ ಕೊಳಕ್ಕೆ ಹೋಯಿತು. "ದಳಪತಿಗಳು ಕೊಳದಲ್ಲೇಕೆ?" ಅಂತ ಬಿಲ್ಲುಗಾರ ಕೇಳಿದ. "ಆಳ ನೋಡುತ್ತಿದ್ದೇವೆ" ಅಂದೆ. ಪಕ್ಕದಲ್ಲಿ ನಿಂತ ಕಾಲೇಜು ಹುಡುಗಿಯೊಬ್ಬಳು ನನ್ನ ಬೆರಳು ಹಿಡಿದು, "ಅಕ್ಕಾ, ಹೀಗೆ ತಳ್ಳಿ" ಅಂತ ಕುದುರೆಯನ್ನು ಮೇಲೆತ್ತಿಕೊಟ್ಟಳು. ಅಷ್ಟರಲ್ಲಿ ಸುತ್ತಲಿನವರು ಬಗ್ಗಿ ನೋಡತೊಡಗಿದ್ದರು. ಬಸ್ಸಿನ ಹಿಂದಿನ ತುದಿಯಿಂದ ಅತ್ತಿಗೆಯ ಕೂಗು:

"ಎಲ್ಲಿದಾರೆ?"

"ಧಾನ್ಯ ತಗೊಂಡಾಯ್ತು!"

"ವೈದ್ಯೆ ಎಲ್ಲಿ?"

"ಹಿಂದೆ ಬರ್ತಿದಾಳೆ, ಕೂಸು ಅಳ್ತಿದೆ!"

"ಕಾಯ್ತಿರು! ... ಯಾರ್ರೀ ಟಿಕೆಟ್, ಟಿಕೆಟ್!"

ಗುಡ್ಡದ ಮೇಲೆ ಶತ್ರುವಿನ ಬಾವುಟ ಕಾಣಿಸಿತು. ಒಂದು ಬಾವುಟ, ಹಿಂದೆ ಇರುವೆ ಸಾಲು. ಉಪದಳಪತಿ, "ಪಡೆ ಸೇತುವೆ ತಲುಪಿದೆ, ಕಹಳೆಗೆ ಸಿದ್ಧರಾಗಿ" ಅಂದ. ನನ್ನ ಹೆಬ್ಬೆರಳು ತಾನಾಗಿಯೇ ಕಹಳೆಯ ಕಡೆ ಹೋಗುತ್ತಿತ್ತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಆಗ ಕುದುರೆ ಮತ್ತೆ ಕೊಳಕ್ಕೆ ಹೋಯಿತು.

ದೇವರು ದೊಡ್ಡವನು, ಬಸ್ಸು ಕೊನೆಯ ನಿಲ್ದಾಣಕ್ಕೆ ತಿರುಗಿತು. ಜನ ಇಳಿಯಬೇಕಲ್ಲ, ಅರ್ಧ ಜನ ಇಳಿಯಲಿಲ್ಲ! ಅಜ್ಜ, ಕಾಲೇಜು ಹುಡುಗಿ, ಖಾಲಿ ಬುಟ್ಟಿ ಹಿಡಿದ ಇಬ್ಬರು ಹೆಂಗಸರು, ಎಲ್ಲ ಸುತ್ತ ನಿಂತರು. ಅತ್ತಿಗೆ ಟಿಕೆಟ್ ಮಶೀನನ್ನು ನನ್ನ ಕೊರಳಿಗೆ ಹಾಕಿ, ಫೋನ್ ಕಿತ್ತುಕೊಂಡು, ಫುಟ್‌ಬೋರ್ಡಿನ ಮೇಲೆ ಕೂತುಬಿಟ್ಟಳು. ಎಲ್ಲರಿಗೂ ಕೇಳಲೆಂದು ಕಿವಿಯ ತಂತಿ ಕಿತ್ತಳು. ಅಂದೂ ಡ್ರೈವರ್ ಆ ಗಡಿಯಾರನೇ, ಡಬ್ಬಿ ಹಿಡಿದು ಊಟಕ್ಕೆ ಹೊರಟವನು, ಏನು ಗಲಾಟೆ ಅಂತ ಬಂದು ನಿಂತ.

ಒಂದು ಕ್ಷಣದಲ್ಲಿ ಕುದುರೆ ಕೊಳದಿಂದ ಹೊರಗೆ ಬಂತು. ಎಂಥ ಓಟ! ಸೇತುವೆಯ ಬುಡದಲ್ಲಿ ನಿಂತು ಅವಳು ಕೈ ಬೀಸತೊಡಗಿದಳು, ಫೋನಿನೊಳಗೂ, ಹೊರಗೂ. "ಸಾಗಿ ವೀರರೇ, ಒಳಗೆ ಸಾಗಿ! ಬಾಗಿಲಲ್ಲಿ ನಿಲ್ಲದಿರಿ!" ಬಿಲ್ಲುಗಾರ ಹೋದ, ಭರ್ಜಿಯವರು ಹೋದರು, ಗುರಾಣಿಯವರು ಹೋದರು. ಉಪದಳಪತಿ ಗೋಡೆಯ ಮೇಲಿನ ಚಕ್ರದ ಬಳಿ ನಿಂತು, "ಕಹಳೆ! ದಳಪತಿಗಳೇ, ಈಗಲೇ!" ಅಂತ ಕೂಗಿದ.

"ವೈದ್ಯೆ ಬಂದಿಲ್ಲ."

"ಶತ್ರು ಬಂದಾಯಿತು! ನಿಲುವಂಗಿಯ ಮಾತು ನೆನಪಿದೆಯೇ?"

"ನೆನಪಿದೆ. ವೈದ್ಯೆ ಬಂದಿಲ್ಲ."

ಬುಟ್ಟಿಯ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಶತ್ರುವಿನ ಕುದುರೆಗಳ ಧೂಳು ಪರದೆ ತುಂಬ. ಆ ಧೂಳಿನ ಮುಂದೆ ಒಂದು ಬಿಳಿ ಚುಕ್ಕೆ ಓಡಿಬರುತ್ತಿತ್ತು. ವೈದ್ಯೆ! ಫೋನಿನಿಂದ ಕೂಸಿನ ಅಳು, ಅವಳ ಏದುಸಿರು, "ಬಂದೆ, ಬಂದೆ, ಹೋಗಬೇಡಿ" ಅನ್ನುವ ದನಿ. ಬಂದಳು, ಸೇತುವೆ ಹತ್ತಿದಳು, ದಾಟಿದಳು. ಅತ್ತಿಗೆ ಹಿಂದೆ ಒಮ್ಮೆ ನೋಡಿದಳು, ಮುಂದೆ ಒಮ್ಮೆ ನೋಡಿದಳು, ಎಲ್ಲರೂ ಹತ್ತಿದರು. ಕಹಳೆ ಒತ್ತಿದಳು.

ಭೋಂ ಅಂತ ಸದ್ದಾಯಿತು. ಸೇತುವೆ ಎದ್ದಿತು. ಅಷ್ಟು ಜನ ಬಸ್ಸಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿದೆವು. ಕೋಟೆ ಭದ್ರ, ಗೆದ್ದಾಯಿತು!

ಗಡಿಯಾರ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಗ್ಗಿ, ಫೋನಿನ ಮೇಲೆ ಬೆರಳಿಟ್ಟು, "ಈ ಬಿಳಿ ಕುದುರೆ ಯಾರದು, ಹೊರಗೆ ನಿಂತಿರೋದು?" ಅಂತ ಕೇಳಿದ.

ಅತ್ತಿಗೆಯದು.

ಕೆಳಗೆ ನಿಂತು ಎಲ್ಲರನ್ನೂ ಹತ್ತಿಸಿದ್ದಳು. ಕೆಳಗೆ ನಿಂತೇ ಊದಿದ್ದಳು. ಊದಿದ ಮೇಲೆ ಹಾರಿದರಾಯಿತು ಅಂತ. ಬಸ್ಸಾದರೆ ಅಲುಗಾಡುತ್ತ ಹೊರಡುತ್ತದೆ, ಸೇತುವೆಗೆ ಆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಕೋಟೆಯ ಕಂದಕದ ಈಚೆ ದಳಪತಿ ಒಬ್ಬಳೇ, ಹಿಂದೆ ಶತ್ರುವಿನ ಇಡೀ ಸೈನ್ಯ. ದಳಪತಿ ಬಿದ್ದರೆ ನಿಲುವಂಗಿ ಉಪದಳಪತಿಗೆ ಹೋಗುತ್ತದೆ, ಅದು ಆಟದ್ದೇ ನಿಯಮ. ಕೋಟೆ ಉಳಿಯಿತು, ಎಲ್ಲರೂ ಉಳಿದರು, ಅವನು ಗೆದ್ದ. ಸುಮ್ಮನಿದ್ದರೆ ಸಾಕಿತ್ತು ಅವನಿಗೆ.

"ಅಯ್ಯೋ ಅತ್ತಿಗೆ, ನೀನು ಹತ್ತೋದನ್ನೇ ಮರೆತಲ್ಲೇ!" ಅಂತ ಕಿರುಚಿದೆ. ಅವಳ ಮುಖ ಬಿಳುಚಿತ್ತು. ಆ ಚಪ್ಪಲಿಯ ದಿನ ಅವಳು ಹೀಗೇ ನಿಂತಿರಬೇಕು ಅಂತ ನನಗೆ ಆಗ ಹೊಳೆಯಿತು. ಕೊನೆಗೆ ಮೆಲ್ಲಗೆ, ಪಾತ್ರದ ಮಾತಿನಲ್ಲೇ, "ವೀರರೇ, ಕೋಟೆ ಕಾಯಿರಿ. ನಾವು ಹೊರಗುಳಿದೆವು" ಅಂದಳು.

ಫೋನಿನಿಂದ ಒಂದು ದನಿ ಸಿಡಿಯಿತು.

"ಹೋಲ್ಡಾನ್!"

ಯಾರ ದನಿ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಇಸ್ತ್ರಿ ಪೂರಾ ಹೋಗಿತ್ತು.

"ಹೋಲ್ಡಾನ್, ಹೋಲ್ಡಾನ್! ಅಮ್ಮಾ, ಅಲ್ಲೇ ಇರಿ! ಲೇ, ಚಕ್ರ ಹಿಡೀರೋ ಎಲ್ಲ! ದಳಪತಿ ಹತ್ತಿಲ್ಲ ಕಣ್ರೋ, ಇಳಿಸ್ರೋ!"

ಉಪದಳಪತಿ! ಅವನ ಹಿಂದೆಯೇ ಬಿಲ್ಲುಗಾರ "ಹೋಲ್ಡಾನ್!" ಅಂದ. ವೈದ್ಯೆ "ಹೋಲ್ಡಾನ್!" ಅಂದಳು. ಒಟ್ಟಿಗೆ ಅಷ್ಟು ದನಿಗಳು, ಫೋನು ಒಡೆದುಹೋಗುವಂತೆ. ನಮ್ಮ ಅಜ್ಜನೂ ಬಸ್ಸಿನ ತಗಡು ಬಡಿದು "ಹೋಲ್ಡಾನ್!" ಅಂದರು. ಕರಕರ ಅಂತ ಸೇತುವೆ ಇಳಿಯಿತು, ಕುದುರೆ ಹಾರಿತು, ಅತ್ತಿಗೆ ಒಳಗೆ! ಹಿಂದೆಯೇ ಶತ್ರುವೂ ಸೇತುವೆಯ ಮೇಲೆ. ಇನ್ನು ಎತ್ತಲು ಕಹಳೆ ಇಲ್ಲ. ಸೂರ್ಯ ಮುಳುಗಲು ಇನ್ನೂ ಮಾರುದ್ದ ಹೊತ್ತಿದೆ.

"ಈಗೇನ್ ಮಾಡೋದು ಅಮ್ಮಾ?" ಅಂತ ಕೇಳಿದ ಉಪದಳಪತಿ. ಚಿಕ್ಕ ಹುಡುಗ ಕೇಳಿದ ಹಾಗಿತ್ತು.

ಆಗ ನಮ್ಮ ಅತ್ತಿಗೆ ಎದ್ದು ನಿಂತಳು. ಕೊರಳಿನ ನರ ಉಬ್ಬಿತು. ಇಷ್ಟು ವರ್ಷ ಯಾವುದನ್ನು ಮಾಡಬೇಡಿ ಅಂತ ದಿನಕ್ಕೆ ನೂರು ಸಲ ಕೂಗಿದ್ದಳೋ, ಅದನ್ನೇ ಮಾಡಿ ಅಂತ ಕೂಗಿದಳು.

"ಬಾಗಿಲಲ್ಲಿ ನಿಲ್ಲಿ! ಗುರಾಣಿಯವರಿಬ್ಬರೂ ಬಾಗಿಲಲ್ಲೇ ನಿಲ್ಲಿ! ಏನೇ ಆಗಲಿ ಒಳಗೆ ಹೋಗಬೇಡಿ! ಭುಜಕ್ಕೆ ಭುಜ ಕೊಡಿ, ಕಂಬ ಹಿಡ್ಕೊಳ್ಳಿ, ಯಾರು ನೂಕಿದ್ರೂ ಜಗ್ಗಬೇಡಿ, ಬೈದ್ರೆ ಕಿವುಡರ ಹಾಗೆ ಇರಿ! ಇಬ್ಬರು ನಿಂತ್ರೆ ಸಾಕು, ಇಡೀ ಊರು ಬಂದ್ರೂ ಹತ್ತಕ್ಕಾಗಲ್ಲ. ನನಗೆ ಗೊತ್ತು!"

ಗುರಾಣಿಯವರಿಬ್ಬರೂ ನಿಂತರು ನೋಡಿ! ಬೆಳಗಿನ ಹೊತ್ತು ಆಫೀಸಿಗೆ ಹೋಗುವವರು ಫುಟ್‌ಬೋರ್ಡಿನಲ್ಲಿ ಅಂಟಿಕೊಂಡು ನಿಲ್ಲುವುದಿಲ್ಲವೇ, ಹಾಗೆ. ಶತ್ರು ನೂಕಿದ, ಒಬ್ಬರ ಮೇಲೊಬ್ಬರು ಬಿದ್ದರು, ಹಿಂದಿನವರು ಮುಂದಿನವರನ್ನು ಬೈದರು, ಸೇತುವೆಯ ಬಾಯಲ್ಲಿ ಸಿಕ್ಕಿಕೊಂಡು ಅಲುಗಾಡಲಾಗದೆ ನಿಂತರು. ಗೋಡೆಯ ಮೇಲಿಂದ ಬಿಲ್ಲುಗಾರ ಬಾಣದ ಮಳೆಗರೆದ. ಹಿಂದಿನಿಂದ ವೈದ್ಯೆ ಗುರಾಣಿಯವರ ಬೆನ್ನಿಗೆ ಮದ್ದು ಹಚ್ಚುತ್ತಲೇ ಇದ್ದಳು. ಅವಳಿಲ್ಲದಿದ್ದರೆ ಅವರಿಬ್ಬರೂ ಅರೆಗಳಿಗೆ ನಿಲ್ಲುತ್ತಿರಲಿಲ್ಲ, ಅದು ಆಟ ಬಾರದ ನನಗೂ ಕಂಡಿತು. ಬಸ್ಸಿನ ಬಾಗಿಲಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು "ಜಗ್ಗಬೇಡಿ, ಜಗ್ಗಬೇಡಿ!" ಅಂತ ಅರಚುತ್ತಿದ್ದೆವು. ಕಾಲೇಜು ಹುಡುಗಿಯ ಉಗುರು ನನ್ನ ತೋಳಿನಲ್ಲಿ ಇಳಿದಿತ್ತು. ಪರದೆ ಕೆಂಪಾಯಿತು, ಸೂರ್ಯ ಮುಳುಗಿದ, ನಗಾರಿ ಬಡಿಯಿತು.

ಗೆದ್ದೆವು! ನಾನು ಅತ್ತಿಗೆಯನ್ನು ತಬ್ಬಿಕೊಂಡೆ, ಟಿಕೆಟ್ ಮಶೀನ್ ನಮ್ಮಿಬ್ಬರ ಮಧ್ಯೆ ಸಿಕ್ಕಿ ಕೀ ಅಂತ ಒಂದು ಖಾಲಿ ಟಿಕೆಟ್ ಹೊರಹಾಕಿತು. ಅವಳು ನಗುತ್ತಿದ್ದಳು, ಮೂಗಿನಿಂದಲೂ ಕಣ್ಣಿನಿಂದಲೂ ನೀರು. ಫೋನಿನಲ್ಲಿ ಉಪದಳಪತಿ ಗಂಟಲು ಸರಿಮಾಡಿಕೊಂಡ. ನಾಲಿಗೆಗೆ ಮತ್ತೆ ಇಸ್ತ್ರಿ ಹತ್ತುತ್ತಿತ್ತು.

"ದಳಪತಿಗಳೇ, ನಿಲುವಂಗಿ ತಮ್ಮಲ್ಲೇ ಇರಲಿ. ನಾವು... ನಾವು ಲಾಯಕ್ಕೆ ಹೊರಟೆವು."

"ಯಾಕಪ್ಪಾ?"

"ನಿಯಮ ನಿಯಮವೇ. ಆ ಪದ ನಮ್ಮ ನಾಡಿನದಲ್ಲ."

"ಕ್ಷಮಿಸಿದ್ದೇವೆ," ಅಂದಳು ಅತ್ತಿಗೆ, ರಾಣಿಯ ಗತ್ತಿನಲ್ಲಿ. ಆಮೇಲೆ ತಡೆಯಲಾರದೆ, "ಇವತ್ತಿಂದ ಅದೂ ನಮ್ಮ ನಾಡಿನದೇ ಕಣಪ್ಪಾ" ಅಂದಳು.

ಗಡಿಯಾರ ಊಟ ಮಾಡಿರಲಿಲ್ಲ. ಡಬ್ಬಿ ಹಾಗೆಯೇ ಕೈಯಲ್ಲಿತ್ತು. ಅತ್ತಿಗೆಯ ಮುಖ ನೋಡಿದ, ನೆಲ ನೋಡಿದ, ಏನೋ ಹೇಳಲು ಹೊರಟು, "ಹೊತ್ತಾಯ್ತು" ಅಂತ ಮಾತ್ರ ಹೇಳಿ ತನ್ನ ಸೀಟಿಗೆ ಹೋದ.

ಹಿಂದಿರುಗುವ ಟ್ರಿಪ್ಪಿಗೆ ಜನ ತುಂಬಿದರು. ಅತ್ತಿಗೆ ಮಶೀನ್ ಕೊರಳಿಗೆ ಹಾಕಿಕೊಂಡು ಕೆಳಗಿಳಿದು, ಮಕ್ಕಳನ್ನು, ಚೀಲಗಳನ್ನು, ಕೊನೆಗೆ ಓಡಿಬಂದ ಒಬ್ಬ ಮುದುಕಿಯನ್ನು ಹತ್ತಿಸಿದಳು. ಯಥಾಪ್ರಕಾರ ಕೆಳಗೆ ನಿಂತೇ ಸೀಟಿ ಊದಿದಳು. ಬಸ್ಸು ಕದಲಲಿಲ್ಲ. ಮತ್ತೆ ಊದಿದಳು. ಇಂಜಿನ್ ಗುರುಗುಟ್ಟುತ್ತಿತ್ತು, ಆದರೆ ಬಸ್ಸು ಕದಲಲಿಲ್ಲ. ಹೊರಡುವ ಹೊತ್ತು ಆಗಲೇ ಮೀರಿತ್ತು.

"ಏನಾಯ್ತು, ಸೀಟಿ ಹೊಡೆದೆನಲ್ಲ!" ಅಂತ ಅತ್ತಿಗೆ ಕೂಗಿದಳು.

ಗಡಿಯಾರ ಪಕ್ಕದ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಕಿಟಕಿಯಿಂದ ತಲೆ ಹೊರಹಾಕಿದ.

"ನೀವು ಮೊದಲು ಹತ್ತಿ, ಅಮ್ಮ. ಆಮೇಲೆ ಸೀಟಿ."